ಚಿತ್ರ ಆಮೇಲೆ, ಮೊದಲು ಹಿಂಬದಿ ಓದಿ: ಟೀ, ಸಿರಿಯಲ್ ಪೊಟ್ಟಣಗಳ ಹಳೇ ವಿಮಾನ ಕಾರ್ಡುಗಳನ್ನು ಸಂಗ್ರಹಿಸುವ ಬಗೆ

ಹಳೇ ವಿಮಾನ ಕಾರ್ಡೊಂದು ಕೈಗೆ ಸಿಕ್ಕರೆ ಸಾಮಾನ್ಯವಾಗಿ ಎಲ್ಲರೂ ಚಿತ್ರ ನೋಡುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಕೆಳಗಿಡುತ್ತಾರೆ. ಸಂಗ್ರಹ ಮಾಡಬೇಕು ಅಂತ ಮನಸ್ಸಿದ್ದರೆ ಈ ಅಭ್ಯಾಸ ಬದಲಾಗಬೇಕು. ಮೊದಲು ಕಾರ್ಡನ್ನು ತಿರುಗಿಸಿ. ಯಾವ ಕಂಪನಿ ಕೊಟ್ಟದ್ದು, ಎಷ್ಟು ಕಾರ್ಡಿನ ಸೆಟ್ಟು, ಇದು ಎಷ್ಟನೆಯದು, ಯಾವ ಕಾಲದ್ದು, ಹಿಂದೆ ಯಾರಾದರೂ ಆಲ್ಬಮ್ಮಿಗೆ ಅಂಟಿಸಿದ್ದರಾ, ಇದು ಮೊದಲ ಮುದ್ರಣವಾ ಅಥವಾ ಮತ್ತೆ ಅಚ್ಚು ಹಾಕಿದ್ದಾ, ಇಷ್ಟಕ್ಕೂ ಉತ್ತರ ಇರುವುದು ಹಿಂಬದಿಯಲ್ಲೇ. ಚಿತ್ರ ನಿಮ್ಮನ್ನು ಈ ಹವ್ಯಾಸಕ್ಕೆ ಎಳೆದು ತರುತ್ತದೆ. ಹಿಂಬದಿ ನಿಮ್ಮ ದುಡ್ಡು ಉಳಿಸುತ್ತದೆ.

ನಾನಿಲ್ಲಿ ಹೇಳುತ್ತಿರುವುದು ತಿನ್ನುವ, ಕುಡಿಯುವ ಸಾಮಾನಿನ ಜೊತೆ ಉಚಿತವಾಗಿ ಬಂದ ವಿಮಾನ ಕಾರ್ಡುಗಳ ಬಗ್ಗೆ ಮಾತ್ರ. ಟೀ ಪೊಟ್ಟಣ, ಬೆಳಗಿನ ಸಿರಿಯಲ್ ಡಬ್ಬ, ಸಿರಪ್ ಡಬ್ಬ, ಚಿಪ್ಸ್ ಪ್ಯಾಕೆಟ್ ಇಂಥವು. ಇವು ಹುಟ್ಟಿ ಬೆಳೆದದ್ದು ಬ್ರಿಟನ್, ಅಮೆರಿಕ, ಕೆನಡಾದಲ್ಲಿ. ಹಾಗಾಗಿ ಸಾಮಾನು ಸಿಗುವುದೂ ಹೆಚ್ಚಾಗಿ ಅಲ್ಲೇ.

ಸ್ವಲ್ಪ ಹಿನ್ನೆಲೆ

ಕಾರ್ಡು ಕೊಡುವ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದ್ದು ಸಿಗರೇಟು ಕಂಪನಿಗಳು. ಮೆತ್ತನೆಯ ಕಾಗದದ ಪ್ಯಾಕಿನಲ್ಲಿ ಸಿಗರೇಟು ಮುರಿಯಬಾರದು ಅಂತ ಒಂದು ತುಂಡು ರಟ್ಟು ಇಡುತ್ತಿದ್ದರು. ಆ ರಟ್ಟಿನ ಮೇಲೆ ಚಿತ್ರ ಬಂತು. ಆಮೇಲೆ ನಂಬರು ಬಂತು. ನಂಬರು ಬಂದ ಮೇಲೆ ಜನ ಸೆಟ್ಟು ಪೂರ್ತಿ ಮಾಡಲು ಹೊರಟರು. ಎರಡನೇ ಮಹಾಯುದ್ಧದ ಹೊತ್ತಿಗೆ ಕಾಗದಕ್ಕೆ ಬರ ಬಂತು. ಬ್ರಿಟನ್ನಿನಲ್ಲಿ 1940ರ ಸುಮಾರಿಗೆ ಸಿಗರೇಟು ಕಾರ್ಡುಗಳು ನಿಂತುಹೋದವು.

ಯುದ್ಧ ಮುಗಿದ ಮೇಲೂ ಅಲ್ಲಿ ಟೀ ಪುಡಿ ರೇಷನ್ನಿನಲ್ಲೇ ಇತ್ತು. ಅದು ಮುಕ್ತವಾದದ್ದು 1952ರ ಅಕ್ಟೋಬರಿನಲ್ಲಿ. ಇನ್ನು ಮೇಲೆ ಜನ ತಮಗೆ ಬೇಕಾದ ಟೀ ಬೇಕಾದಷ್ಟು ಕೊಳ್ಳಬಹುದು. ಕಂಪನಿಗಳಿಗೆ ಮನೆಯ ಮಕ್ಕಳನ್ನು ಒಲಿಸಿಕೊಳ್ಳುವ ಒಂದು ದಾರಿ ಬೇಕಿತ್ತು. 1954ರಲ್ಲಿ ಬ್ರೂಕ್ ಬಾಂಡ್ ಬ್ರಿಟಿಷ್ ಹಕ್ಕಿಗಳ 20 ಕಾರ್ಡಿನ ಸೆಟ್ಟಿನಿಂದ ಶುರು ಮಾಡಿತು. 1999ರವರೆಗೂ ಒಂದಾದ ಮೇಲೊಂದು ಸೆಟ್ಟು ಬರುತ್ತಲೇ ಇದ್ದವು. ನಮ್ಮ ಅಡುಗೆಮನೆಯ ರೆಡ್ ಲೇಬಲ್ ಡಬ್ಬದ ಮೇಲಿರುವುದು ಅದೇ ಬ್ರೂಕ್ ಬಾಂಡ್ ಹೆಸರು.

ಮೊದಲ ಹೆಜ್ಜೆ: ಬೇಲಿ ಹಾಕಿಕೊಳ್ಳಿ

"ಹಳೇ ವಿಮಾನ ಕಾರ್ಡು" ಅಂತ ಹುಡುಕಲು ಹೊರಟರೆ ಕೊನೆಯೇ ಇಲ್ಲ. ಒಂದು ಗುಂಪು ಆರಿಸಿಕೊಂಡು ಅದರಲ್ಲೇ ವರ್ಷಗಟ್ಟಲೆ ಇರಬಹುದು. ಮುಖ್ಯವಾದ ಗುಂಪುಗಳು ಹೀಗಿವೆ.

ಬ್ರಿಟನ್ನಿನ ಟೀ ಕಾರ್ಡುಗಳು ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯವು. ಬ್ರೂಕ್ ಬಾಂಡಿನ 'ಹಿಸ್ಟರಿ ಆಫ್ ಏವಿಯೇಷನ್' 1972ರದು, 50 ಕಾರ್ಡು. ಲಯನ್ಸ್ ಟೀಯವರು 1960ರ ದಶಕದ ಆರಂಭದಲ್ಲಿ 'ವಿಂಗ್ಸ್ ಆಫ್ ಸ್ಪೀಡ್', 'ವಿಂಗ್ಸ್ ಅಕ್ರಾಸ್ ದಿ ವರ್ಲ್ಡ್' ಅಂತ ಎರಡು ಸೆಟ್ಟು ಕೊಟ್ಟರು. ಒಂದೊಂದರಲ್ಲಿ 24 ಕಾರ್ಡು.

ಅಮೆರಿಕದ ಸಿರಿಯಲ್ ಕಾರ್ಡುಗಳು ಹಳೆಯವು, ದುಬಾರಿ, ಆದರೆ ಬಹಳ ಚೆಂದ. ಹೈನ್ಜ್ ಕಂಪನಿ 1930ರ ದಶಕದಲ್ಲಿ ತನ್ನ ರೈಸ್ ಫ್ಲೇಕ್ಸ್ ಜೊತೆ ಪ್ರಸಿದ್ಧ ವಿಮಾನಗಳ ಮತ್ತು ಪ್ರಸಿದ್ಧ ಪೈಲಟ್‌ಗಳ ಕಾರ್ಡು ಕೊಡುತ್ತಿತ್ತು. ವಿಮಾನಯಾನ ಅನ್ನುವುದೇ ಇನ್ನೂ ಸಾಹಸವಾಗಿದ್ದ ಕಾಲ ಅದು. ಆ ರೋಮಾಂಚನ ಈ ಕಾರ್ಡುಗಳಲ್ಲಿ ಕಾಣುತ್ತದೆ.

ಕೆನಡಾದ್ದು ಬೇರೆ ದಾರಿ. ಅಲ್ಲಿ ಸೇಂಟ್ ಲಾರೆನ್ಸ್ ಸ್ಟಾರ್ಚ್ ಕಂಪನಿಯ ಬೀಹೈವ್ ಕಾರ್ನ್ ಸಿರಪ್, ಐಸ್‌ಹಾಕಿ ಆಟಗಾರರ ಫೋಟೋಗಳಿಗೆ ಹೆಸರುವಾಸಿ. ಯುದ್ಧಕಾಲದಲ್ಲಿ ಅದೇ ಕಂಪನಿ ವಿಮಾನಗಳ ಫೋಟೋಗಳನ್ನೂ ಕೊಟ್ಟಿತು. ಇವು ಡಬ್ಬದೊಳಗೆ ಇರುತ್ತಿರಲಿಲ್ಲ. ಸಿರಪ್ ಕೊಂಡ ಗುರುತನ್ನು ಅಂಚೆಯಲ್ಲಿ ಕಳಿಸಿದರೆ ಫೋಟೋ ಮನೆಗೆ ಬರುತ್ತಿತ್ತು. 1960ರ ದಶಕದಲ್ಲಿ ಜೆಲ್-ಓ ಎಂಬ ಜೆಲ್ಲಿ ಪುಡಿ ಮತ್ತು ಹೋಸ್ಟೆಸ್ ಚಿಪ್ಸ್ ಜೊತೆ ಬಂದದ್ದು ಕಾರ್ಡೇ ಅಲ್ಲ. ವಿಮಾನದ ಚಿತ್ರ ಕೂರಿಸಿದ ಪ್ಲಾಸ್ಟಿಕ್ ಬಿಲ್ಲೆ. ಪೂರ್ತಿ ಸೆಟ್ಟಿಗೆ 200 ಬೇಕು. ಅಷ್ಟು ತಾಳ್ಮೆ ಇದ್ದವರಿಗೆ ಅದೊಂದೇ ಸಾಕು.

ಬಬಲ್‌ಗಮ್ ಕಾರ್ಡುಗಳನ್ನು ನಾನು ಪಕ್ಕದ ಮನೆಯವು ಅಂತ ಎಣಿಸುತ್ತೇನೆ. ಟಾಪ್ಸ್ ಕಂಪನಿಯ 'ವಿಂಗ್ಸ್' 1952ರದು, 200 ಕಾರ್ಡು. 'ಜೆಟ್ಸ್' 1956ರದು, 240. 'ಪ್ಲೇನ್ಸ್' 1957ರದು, 120. ಅಲ್ಲಿ ಮಕ್ಕಳು ದುಡ್ಡು ಕೊಟ್ಟದ್ದೇ ಕಾರ್ಡಿಗೆ, ಗಮ್ ನೆಪ ಅಷ್ಟೇ. ಟೀ ಕಾರ್ಡಿನಲ್ಲಿ ಅಮ್ಮ ಟೀ ಕೊಂಡರು, ಮಗುವಿಗೆ ಕಾರ್ಡು ಸಿಕ್ಕಿತು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

1943ರಲ್ಲಿ ಕೋಕಾ-ಕೋಲಾ ಕಂಪನಿ ವಿಲಿಯಂ ಹೀಸ್ಲಿಪ್ ಬಿಡಿಸಿದ 20 ಯುದ್ಧವಿಮಾನಗಳ ಚಿತ್ರ ಹೊರತಂದಿತು. ನೋಡಲು ಅದ್ಭುತ. ಆದರೆ ಒಂದೊಂದೂ ಒಂದಡಿಗಿಂತ ದೊಡ್ಡ ರಟ್ಟು. ಇಡಲು ಜಾಗ ಇದ್ದರೆ ಮಾತ್ರ ಆ ಕಡೆ ಹೋಗಿ.

ಎರಡನೇ ಹೆಜ್ಜೆ: ಅಗ್ಗದ ಒಂದು ಸೆಟ್ಟನ್ನು ಪೂರ್ತಿ ಕೊಳ್ಳಿ

ಮೊದಲೇ ಅಪರೂಪದ್ದರ ಹಿಂದೆ ಹೋಗಬೇಡಿ. ಬ್ರೂಕ್ ಬಾಂಡಿನ 1972ರ ವಿಮಾನ ಸೆಟ್ಟಿನಿಂದ ಶುರು ಮಾಡಿ. ಈ ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ದರು. ಆದ್ದರಿಂದ 50 ಕಾರ್ಡಿನ ಪೂರ್ತಿ ಸೆಟ್ಟೇ ಕೆಲವೇ ಪೌಂಡುಗಳಿಗೆ ಸಿಗುತ್ತದೆ. ಭಾರತಕ್ಕೆ ಅಂಚೆ ವೆಚ್ಚ ಸೆಟ್ಟಿನ ಬೆಲೆಗಿಂತ ಜಾಸ್ತಿ ಬಿದ್ದರೂ ಆಶ್ಚರ್ಯ ಇಲ್ಲ.

ಇದನ್ನು ಕೊಳ್ಳುವುದು ಬೆಲೆ ಏರುತ್ತದೆ ಅಂತ ಅಲ್ಲ, ಕೈ ಪಳಗಲಿ ಅಂತ. ನಿಜವಾದ ಟೀ ಕಾರ್ಡು ಎಷ್ಟು ದಪ್ಪ, ಮೇಲ್ಮೈ ಎಷ್ಟು ನುಣುಪು, ಅಂಚು ಹೇಗೆ ಕತ್ತರಿಸಿದೆ, ವಾಸನೆ ಹೇಗಿದೆ ಅನ್ನುವುದು ಫೋಟೋ ನೋಡಿದರೆ ಗೊತ್ತಾಗುವುದಿಲ್ಲ. 50 ನಿಜವಾದ ಕಾರ್ಡು ಕೈಯಲ್ಲಿ ಆಡಿದ ಮೇಲೆ 51ನೆಯದು ನಕಲಿಯಾಗಿದ್ದರೆ ಬೆರಳಿಗೇ ಅನುಮಾನ ಬರುತ್ತದೆ.

ಅಳತೆಯನ್ನೂ ಆಗಲೇ ನೋಡಿಕೊಳ್ಳಿ. ಬ್ರೂಕ್ ಬಾಂಡ್ ಕಾರ್ಡು ಸುಮಾರು 68 ಮಿಲಿಮೀಟರ್ ಉದ್ದ, 37 ಮಿಲಿಮೀಟರ್ ಅಗಲ. ಹಳೇ ಸಿಗರೇಟು ಕಾರ್ಡಿನ ಅಳತೆಗೆ ಹತ್ತಿರ. ಪಾಕೆಟ್ ಹಾಳೆ ಕೊಳ್ಳುವಾಗ ಈ ಅಳತೆ ಬೇಕಾಗುತ್ತದೆ.

ಮೂರನೇ ಹೆಜ್ಜೆ: ಹಿಂಬದಿಯನ್ನು ಸಾಲು ಸಾಲಾಗಿ ಓದಿ

ಇಲ್ಲಿ ಸಾವಧಾನ ಬೇಕು. ಒಂದು ಟೀ ಕಾರ್ಡು ತಿರುಗಿಸಿ ಬೆಳಕಿಗೆ ಹಿಡಿಯಿರಿ. ಸೆಟ್ಟಿನ ಹೆಸರು, "50 ಕಾರ್ಡುಗಳ ಸರಣಿ" ಅಂತ ಒಂದು ಸಾಲು, ಕಾರ್ಡಿನ ನಂಬರು, ವಿಮಾನದ ಬಗ್ಗೆ ನಾಲ್ಕಾರು ವಾಕ್ಯ, ಕೊನೆಗೆ ಕಂಪನಿಯ ಹೆಸರು. ಹಲವು ಸೆಟ್ಟುಗಳಲ್ಲಿ ಆಲ್ಬಮ್ ತರಿಸಿಕೊಳ್ಳುವ ಆಹ್ವಾನವೂ ಇರುತ್ತದೆ. ಇದರಲ್ಲಿ ಪ್ರತಿಯೊಂದೂ ಒಂದು ಸುಳಿವು.

ಮೊದಲು ಶಾಯಿಯ ಬಣ್ಣ. ಬ್ರೂಕ್ ಬಾಂಡ್ ತನ್ನ ಹಳೇ ಸೆಟ್ಟುಗಳಲ್ಲಿ ಕೆಲವನ್ನು ಆಮೇಲೆ ಮತ್ತೆ ಅಚ್ಚು ಹಾಕಿಸಿತು. ಮೊದಲು ನೀಲಿ ಅಕ್ಷರದಲ್ಲಿ ಬಂದಿದ್ದ ಹಿಂಬದಿ ಮರುಮುದ್ರಣದಲ್ಲಿ ಕಪ್ಪಾಯಿತು. ಮುಂಬದಿ ಅದೇ ಚಿತ್ರ. ಮಾರುವವರು ಮುಂಬದಿ ಫೋಟೋ ಮಾತ್ರ ಹಾಕಿದ್ದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದೇ ಇಲ್ಲ.

ಆಮೇಲೆ ಪದಗಳು. ಬ್ರೂಕ್ ಬಾಂಡಿನ 'ಔಟ್ ಇನ್‌ಟು ಸ್ಪೇಸ್' ಸೆಟ್ಟು 1956ರಲ್ಲಿ ಒಮ್ಮೆ, 1958ರಲ್ಲಿ ಇನ್ನೊಮ್ಮೆ ಬಂತು. ಹಿಂಬದಿಯ ಒಂದು ಸಾಲಿನಲ್ಲಿ ಎರಡು ಪದ ಬೇರೆ, ಅಷ್ಟೇ. ಮೊದಲಿನದು "ಟೀ ಜೊತೆ ಕೊಟ್ಟದ್ದು" ಅನ್ನುವ ಅರ್ಥ ಕೊಟ್ಟರೆ, ಎರಡನೆಯದು "ಪೊಟ್ಟಣದೊಳಗೆ ಕೊಟ್ಟದ್ದು" ಅನ್ನುತ್ತದೆ. ಆದರೆ ಮೊದಲಿನದು ಅಪರೂಪ, ಬೆಲೆಯೂ ಜಾಸ್ತಿ. ಅದು ಬಾಹ್ಯಾಕಾಶದ ಸೆಟ್ಟು, ನಿಜ. ಆದರೂ ಪಾಠ ವಿಮಾನದ ಸೆಟ್ಟಿಗೂ ಅದೇ. ಟಾಪ್ಸ್‌ನ 'ಪ್ಲೇನ್ಸ್' ಕೆಂಪು ಹಿಂಬದಿಯಲ್ಲೂ ಇದೆ, ನೀಲಿ ಹಿಂಬದಿಯಲ್ಲೂ ಇದೆ. ಬಿಡಿಬಿಡಿಯಾಗಿ ಸೇರಿಸುವವರು ಬಣ್ಣ ಬೆರಸದೆ ಒಂದೇ ಬಗೆಯಲ್ಲಿ ಪೂರ್ತಿ ಮಾಡುವುದು ಒಳ್ಳೆಯದು.

ಮೂರನೆಯದು ದುಡ್ಡು ಮತ್ತು ವಿಳಾಸ. ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾದದ್ದು 1971ರ ಫೆಬ್ರವರಿ 15ರಂದು. ಆಲ್ಬಮ್ಮಿನ ಬೆಲೆ ಆರು ಪೆನ್ಸ್ ಅಂತ ಹಳೇ ರೀತಿಯಲ್ಲಿ, ಅಂದರೆ ಅಂಕಿಯ ಪಕ್ಕ 'ಡಿ' ಅಕ್ಷರ ಹಾಕಿ ಬರೆದಿದ್ದರೆ ಅದು ಆ ಬದಲಾವಣೆಗೆ ಮುಂಚಿನ ಮುದ್ರಣ. 'ಪಿ' ಅಕ್ಷರ ಇದ್ದರೆ ಆಮೇಲಿನದು. ಅಮೆರಿಕದ ಕಾರ್ಡಿನಲ್ಲಿ ಅಂಚೆ ವಿಳಾಸ ನೋಡಿ. ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. "1950ರ ದಶಕದ್ದು" ಅಂತ ಮಾರುತ್ತಿರುವ ಕಾರ್ಡಿನ ಹಿಂದೆ ಐದಂಕಿ ಕಂಡರೆ ಅಲ್ಲಿಗೇ ಮಾತು ನಿಲ್ಲಿಸಿ.

ಕೊನೆಗೆ, ವಿವರಣೆಯ ವಾಕ್ಯಗಳಲ್ಲಿ ಕ್ರಿಯಾಪದ ಯಾವ ಕಾಲದಲ್ಲಿದೆ ನೋಡಿ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾನ್‌ಕಾರ್ಡ್ ಮೊದಲು ಹಾರಿದ್ದು 1969ರ ಮಾರ್ಚ್ 2ರಂದು. ಪ್ರಯಾಣಿಕರನ್ನು ಹೊತ್ತದ್ದು 1976ರ ಜನವರಿ 21ರಿಂದ. ಕಾರ್ಡು ಅದನ್ನು "ಹಾರಲಿದೆ" ಅನ್ನುತ್ತದಾ, "ಪರೀಕ್ಷೆ ನಡೆಯುತ್ತಿದೆ" ಅನ್ನುತ್ತದಾ, "ಸೇವೆಯಲ್ಲಿದೆ" ಅನ್ನುತ್ತದಾ? ಮೂರಕ್ಕೂ ಬೇರೆ ಬೇರೆ ವರ್ಷ. ಕಾಮೆಟ್ ಜೆಟ್ ವಿಮಾನಕ್ಕೂ ಹೀಗೇ. ಅದು 1949ರಲ್ಲಿ ಮೊದಲು ಹಾರಿತು, 1952ರ ಮೇ 2ರಂದು ಪ್ರಯಾಣಿಕರ ಸೇವೆಗೆ ಬಂತು, 1954ರಲ್ಲಿ ಅಪಘಾತಗಳ ನಂತರ ನೆಲ ಹಿಡಿಯಿತು. ಅದನ್ನು ಬರೀ ಹೊಗಳುವ ಕಾರ್ಡು 1954ಕ್ಕೆ ಮುಂಚೆ ಬರೆದದ್ದಾಗಿರುವ ಸಾಧ್ಯತೆ ಹೆಚ್ಚು. ಬರೆದವರಿಗೆ ಮುಂದೆ ಆಗುವುದು ಗೊತ್ತಿರಲಿಲ್ಲ. ಈ ಕಾರ್ಡುಗಳನ್ನು ನಾನು ಇಷ್ಟಪಡಲು ಮುಖ್ಯ ಕಾರಣವೇ ಇದು. ಇತಿಹಾಸ ಬರೆಯುವವರಿಗೆ ಕೊನೆ ಗೊತ್ತಿರುತ್ತದೆ, ಇವರಿಗೆ ಗೊತ್ತಿರಲಿಲ್ಲ.

ಈಗ ಮುಂಬದಿ: ರೆಕ್ಕೆಯ ಮೇಲಿನ ನಕ್ಷತ್ರ

ಹಿಂಬದಿಯಲ್ಲಿ ವರ್ಷ ಇಲ್ಲದಿದ್ದಾಗ ಚಿತ್ರ ಸಹಾಯಕ್ಕೆ ಬರುತ್ತದೆ. ಅಮೆರಿಕದ ಸೇನಾ ವಿಮಾನವಾದರೆ ರೆಕ್ಕೆ ಅಥವಾ ಮೈಮೇಲಿನ ನಕ್ಷತ್ರದ ಗುರುತನ್ನು ಭೂತಗನ್ನಡಿ ಹಿಡಿದು ನೋಡಿ.

ನೀಲಿ ವೃತ್ತದೊಳಗೆ ಬಿಳಿ ನಕ್ಷತ್ರ, ಅದರ ನಡುವೆ ಕೆಂಪು ಚುಕ್ಕೆ ಇದ್ದರೆ ಅದು 1942ರ ಮೇಗೆ ಮುಂಚಿನ ಗುರುತು. ಜಪಾನಿನ ವಿಮಾನಗಳ ಮೇಲೆ ಕೆಂಪು ವೃತ್ತ ಇರುತ್ತಿತ್ತು. ಗುಂಡು ಹಾರಿಸುವವರಿಗೆ ಗೊಂದಲ ಆಗಬಾರದು ಅಂತ ಆ ಚುಕ್ಕೆಯನ್ನು ತೆಗೆದುಹಾಕಿದರು. 1943ರ ಮಧ್ಯದಲ್ಲಿ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ ಬಂತು, ಸುತ್ತ ಕೆಂಪು ಗೆರೆ. ಕೆಲವೇ ತಿಂಗಳಲ್ಲಿ ಆ ಕೆಂಪು ಗೆರೆ ನೀಲಿಯಾಯಿತು. 1947ರ ಜನವರಿಯಿಂದ ಬಿಳಿ ಪಟ್ಟಿಯ ನಡುವೆ ಕೆಂಪು ಅಡ್ಡಗೆರೆ ಸೇರಿತು. ಹೀಗೆ ಒಂದು ಸೆಂಟಿಮೀಟರ್ ಕೂಡ ಇಲ್ಲದ ಚಿತ್ರದಲ್ಲಿ ಐದು ಕಾಲಘಟ್ಟ ಇದೆ.

ಒಂದು ಎಚ್ಚರಿಕೆ. ಈ ಗುರುತು ಹೇಳುವುದು ಕಾರ್ಡು ಯಾವ ದಿನಕ್ಕಿಂತ ಹಳೆಯದಲ್ಲ ಅನ್ನುವುದನ್ನು ಮಾತ್ರ. ಹಳೇ ಚಿತ್ರವನ್ನು ಆಮೇಲೆ ಅಚ್ಚು ಹಾಕಿರಬಹುದು. ಕಲಾವಿದ ಹಳೇ ಫೋಟೋ ನೋಡಿ ಬಿಡಿಸಿರಬಹುದು. ಆದರೆ 1941ರದು ಅಂತ ಹೇಳುವ ಕಾರ್ಡಿನಲ್ಲಿ ಕೆಂಪು ಅಡ್ಡಗೆರೆ ಇದ್ದರೆ ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ನಾಲ್ಕನೇ ಹೆಜ್ಜೆ: ಹುಡುಕುವುದು, ಕೇಳುವುದು, ಕೊಳ್ಳುವುದು

ಬ್ರಿಟನ್ನಿನಲ್ಲಿ ಈ ಹವ್ಯಾಸಕ್ಕೆ ಗಟ್ಟಿ ನೆಲೆ ಇದೆ. ಲಂಡನ್ ಸಿಗರೆಟ್ ಕಾರ್ಡ್ ಕಂಪನಿ 1927ರಿಂದ ಇದೆ. ಈಗ ಸಾಮರ್‌ಸೆಟ್‌ನ ಸಾಮರ್‌ಟನ್ ಊರಿನಲ್ಲಿದೆ, ಹೆಸರು ಸಿಗರೇಟಿನದಾದರೂ ಟೀ ಕಾರ್ಡುಗಳನ್ನೂ ಮಾರುತ್ತದೆ. 1938ರಲ್ಲಿ ಹುಟ್ಟಿದ ಕಾರ್ಟೋಫಿಲಿಕ್ ಸೊಸೈಟಿ ಆಫ್ ಗ್ರೇಟ್ ಬ್ರಿಟನ್ ಸಂಗ್ರಾಹಕರ ಸಂಘ. ಆನ್‌ಲೈನ್ ಹರಾಜಿನಲ್ಲಿ ಬ್ರಿಟನ್ನಿನ ಸಾಮಾನು ಬೇಕಿದ್ದರೆ 'ಟೀ ಕಾರ್ಡ್', 'ಟ್ರೇಡ್ ಕಾರ್ಡ್' ಅಂತ ಹುಡುಕಿ. ಬರೀ 'ಟ್ರೇಡಿಂಗ್ ಕಾರ್ಡ್' ಅಂದರೆ ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ರಾಶಿಯಲ್ಲಿ ಕಳೆದುಹೋಗುತ್ತೀರಿ.

ಅಮೆರಿಕದ ಕಾರ್ಡುಗಳಿಗೆ ಒಂದು ಅಕ್ಷರ, ಒಂದು ನಂಬರು ಇರುತ್ತದೆ. ಇದು ಜೆಫರ್‌ಸನ್ ಬರ್ಡಿಕ್ ಎಂಬ ಸಂಗ್ರಾಹಕ ಮಾಡಿದ ಪಟ್ಟಿಯಿಂದ ಬಂದದ್ದು. ಅವರ ಅಮೆರಿಕನ್ ಕಾರ್ಡ್ ಕ್ಯಾಟಲಾಗಿನಲ್ಲಿ 'ಎಫ್' ಅಂದರೆ ಆಹಾರದ ಜೊತೆ ಬಂದದ್ದು, 'ಡಿ' ಅಂದರೆ ಬ್ರೆಡ್ಡು, ಬೇಕರಿಯದ್ದು, 'ಆರ್' ಅಂದರೆ 1930ರ ನಂತರದ ಕ್ಯಾಂಡಿ ಮತ್ತು ಗಮ್, 'ಟಿ' ಅಂದರೆ ತಂಬಾಕು. ಹೈನ್ಜ್ ವಿಮಾನ ಕಾರ್ಡುಗಳು 'ಎಫ್ 277' ಅಡಿಯಲ್ಲಿವೆ. ಮಾರುವವರು ಕಂಪನಿಯ ಹೆಸರು ತಪ್ಪಾಗಿ ಬರೆದಿದ್ದರೂ ಈ ನಂಬರು ಹಾಕಿದರೆ ಸಾಮಾನು ಸಿಗುತ್ತದೆ.

ಕೊಳ್ಳುವ ಮುಂಚೆ ಕೇಳಬೇಕಾದದ್ದು ಇಷ್ಟು. ಹಿಂಬದಿಯ ಫೋಟೋ ಕಳಿಸುತ್ತೀರಾ? ಆಲ್ಬಮ್ಮಿನಿಂದ ಕಿತ್ತದ್ದಾ? ಎಲ್ಲ ಕಾರ್ಡುಗಳ ಹಿಂಬದಿ ಒಂದೇ ಬಗೆಯದ್ದಾ? ಯಾವ ನಂಬರು ಕಡಿಮೆ ಇದೆ? ಹಿಂಬದಿಯ ಫೋಟೋ ಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ, ಬೆಲೆ ಎಷ್ಟೇ ಕಡಿಮೆ ಇರಲಿ.

ತಿಂಡಿ ಕಾರ್ಡಿಗೆ ಅದರದೇ ಆದ ರೋಗಗಳಿವೆ. ಚಿಪ್ಸ್ ಜೊತೆ ಬಂದದ್ದಕ್ಕೆ ಎಣ್ಣೆ ಇಳಿದಿರುತ್ತದೆ. ಗಮ್ ಕಾರ್ಡಿನ ಹಿಂದೆ ಗಮ್‌ನ ಚೌಕ ಕಲೆ, ಮೇಣದ ಕಾಗದದ ಗುರುತು ಇರಬಹುದು. ಸಿರಿಯಲ್ ಡಬ್ಬದ ಮೇಲೆಯೇ ಅಚ್ಚಾಗಿದ್ದ ಕಾರ್ಡನ್ನು ಯಾವುದೋ ಮಗು ಕತ್ತರಿಯಿಂದ ಕತ್ತರಿಸಿರುತ್ತದೆ. ಅಂಥದ್ದರಲ್ಲಿ ಸುತ್ತಲಿನ ಗೆರೆ ನಾಲ್ಕೂ ಕಡೆ ಉಳಿದಿದೆಯಾ ನೋಡಿ. ಕತ್ತರಿಸದ ಇಡೀ ಡಬ್ಬದ ಬದಿಯೇ ಸಿಕ್ಕರೆ ದಯವಿಟ್ಟು ಕತ್ತರಿ ಮುಟ್ಟಬೇಡಿ. ಹಾಗೇ ಇದ್ದರೇ ಅದಕ್ಕೆ ಬೆಲೆ.

ಲಂಡನ್, ಟೊರಾಂಟೊ, ನ್ಯೂಜೆರ್ಸಿ ಕಡೆ ಅಣ್ಣನೋ ಅತ್ತಿಗೆಯೋ ಇದ್ದರೆ ಅವರ ವಿಳಾಸಕ್ಕೆ ತರಿಸಿ ಇಡಿ. ಅಂತರರಾಷ್ಟ್ರೀಯ ಅಂಚೆ, ಕಸ್ಟಮ್ಸ್ ಸುಂಕ, ಕೊರಿಯರ್‌ನವರ ಶುಲ್ಕ ಸೇರಿದರೆ ಅಗ್ಗದ ಸೆಟ್ಟು ಅಗ್ಗವಾಗಿ ಉಳಿಯುವುದಿಲ್ಲ. 50 ಟೀ ಕಾರ್ಡು ಒಂದು ಸಣ್ಣ ಲಕೋಟೆ ಅಷ್ಟೇ. ಊರಿಗೆ ಬರುವಾಗ ಕೈಚೀಲದಲ್ಲಿ ಗಟ್ಟಿ ರಟ್ಟಿನ ಪುಸ್ತಕದ ನಡುವೆ ಇಟ್ಟು ತರಲಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬಾಟಲಿ, ಶಾಂಪೂ ಪಕ್ಕದಲ್ಲಿ ಬೇಡ. ಇಂಗ್ಲೆಂಡಿನಲ್ಲಿ ಇರುವವರಾದರೆ ಜನ ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನು ತಂದು ಮಾರುವ ಭಾನುವಾರದ ಕಾರ್ ಬೂಟ್ ಸೇಲ್‌ಗಳಲ್ಲಿ ಹಳೇ ಟೀ ಕಾರ್ಡ್ ಆಲ್ಬಮ್ ಕಣ್ಣಿಗೆ ಬೀಳುತ್ತದಾ ನೋಡಲು ಹೇಳಿ.

ಐದನೇ ಹೆಜ್ಜೆ: ನಕಲಿ ಹಿಡಿಯುವುದು

1972ರ ಟೀ ಕಾರ್ಡನ್ನು ಯಾರೂ ನಕಲು ಮಾಡುವ ಗೋಜಿಗೆ ಹೋಗುವುದಿಲ್ಲ, ಅದರಲ್ಲಿ ದುಡ್ಡಿಲ್ಲ. 1930ರ ದಶಕದ ಅಮೆರಿಕದ ಕಾರ್ಡು ಕೊಳ್ಳುವಾಗ ಮಾತ್ರ ಎರಡು ಸಾಧನ ಜೊತೆಗಿರಲಿ.

ಒಂದು, ನೋಟು ಪರೀಕ್ಷಿಸುವ ಯುವಿ ಟಾರ್ಚು. ಕಾಗದ ಬೆಳ್ಳಗೆ ಹೊಳೆಯಲಿ ಅಂತ ಸೇರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು 1940ರ ದಶಕದ ಕೊನೆಯಿಂದ ಈಚೆಗೆ. ಕತ್ತಲೆ ಕೋಣೆಯಲ್ಲಿ ಯುವಿ ಬೆಳಕು ಬಿಟ್ಟಾಗ 1936ರದು ಅನ್ನುವ ಕಾರ್ಡು ನೀಲಿಬಿಳಿಯಾಗಿ ಹೊಳೆದರೆ ಕಾಗದ ಆ ಕಾಲದ್ದಲ್ಲ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತ ಸಾಬೀತಾಗುವುದಿಲ್ಲ, ಅದು ನೆನಪಿರಲಿ.

ಇನ್ನೊಂದು, ವಾಚ್ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವಂಥ 10 ಪಟ್ಟಿನ ಮಸೂರ. ಅಕ್ಷರಗಳ ಅಂಚು ನೋಡಿ. ಹಳೇ ಮುದ್ರಣದಲ್ಲಿ ಕಪ್ಪು ಅಕ್ಷರ ಒಂದೇ ಶಾಯಿಯಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದದ್ದರಲ್ಲಿ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ.

ಅಂಟಿನ ವಿಚಾರ

ಬರ್ಡಿಕ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರು 3 ಲಕ್ಷಕ್ಕೂ ಹೆಚ್ಚು ಕಾರ್ಡು ಮತ್ತು ಮುದ್ರಿತ ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ. ಸಂಧಿವಾತದಿಂದ ಕೈ ನೆಟ್ಟಗೆ ಆಡದಿದ್ದರೂ ವರ್ಷಗಟ್ಟಲೆ ಅಲ್ಲಿ ಕೂತು ಎಲ್ಲವನ್ನೂ ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿನಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಅಂಟಿಸುವುದೇ ಕಾಪಾಡುವ ದಾರಿಯಾಗಿತ್ತು.

ನಾವು ಅಂಟಿಸಬಾರದು. ಅಂಟಿಸಿದ ಕೂಡಲೇ ಹಿಂಬದಿ ಸತ್ತಹಾಗೆ. ಆದರೆ 1972ರಲ್ಲಿ ಯಾವುದೋ ಮಗು ಆಲ್ಬಮ್ಮಿನಲ್ಲಿ ಅಂಟಿಸಿಟ್ಟ ಪೂರ್ತಿ ಸೆಟ್ಟು ನಿಮಗೆ ಸಿಕ್ಕರೆ ಅದನ್ನು ಕೀಳಲೂ ಬೇಡಿ. ನೀರಲ್ಲಿ ನೆನೆಸಿ ಬಿಡಿಸಿ, ಹಬೆ ಹಿಡಿದು ಬಿಡಿಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕಾರ್ಡು ಸುರುಟುತ್ತದೆ, ಮೇಲಿನ ಪದರ ಏಳುತ್ತದೆ, ಹಿಂಬದಿಯ ಅಕ್ಷರ ಆಲ್ಬಮ್ಮಿನಲ್ಲೇ ಉಳಿಯುತ್ತದೆ. ತುಂಬಿದ ಆಲ್ಬಮ್ಮನ್ನು ಆಲ್ಬಮ್ಮಾಗಿಯೇ ಇಟ್ಟುಕೊಳ್ಳಿ. ಹಿಂಬದಿಗೆ ಬೇಕಾದರೆ ಬಿಡಿ ಸೆಟ್ಟು ಇನ್ನೊಂದು ಕೊಳ್ಳಿ, ಬೆಲೆ ಅಷ್ಟೇನೂ ಇಲ್ಲ ಅಲ್ವಾ.

ಆರನೇ ಹೆಜ್ಜೆ: ನಮ್ಮ ಮಳೆಗಾಲಕ್ಕೆ ತಯಾರಿ

ಇಂಗ್ಲೆಂಡಿನವರು ಬರೆದ ಸಲಹೆಗಳು ಇಲ್ಲಿ ಪೂರ್ತಿ ಸಾಲುವುದಿಲ್ಲ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಸ್ಟು ಬರುತ್ತದೆ. ರಟ್ಟಿಗೆ ಬರದೆ ಇರುತ್ತದಾ?

ಪಾಕೆಟ್ ಹಾಳೆ ಪಿವಿಸಿಯದ್ದು ಬೇಡ. ಹೊಸ ಪ್ಲಾಸ್ಟಿಕ್ಕಿನ ಘಾಟು ವಾಸನೆ ಬರುವ, ಕೈಗೆ ಸ್ವಲ್ಪ ಅಂಟಂಟಾಗುವ ಹಾಳೆ ಅಂದರೆ ಅದೇ. ವರ್ಷ ಕಳೆದಂತೆ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ಕೇಳಿ ತೊಗೊಳ್ಳಿ. ಒಂಬತ್ತು ಪಾಕೆಟ್ಟಿನ ಮಾಮೂಲಿ ಹಾಳೆ ಟೀ ಕಾರ್ಡಿಗೆ ದೊಡ್ಡದು, ಒಳಗೆ ಜಾರಾಡಿ ಮೂಲೆ ಸವೆಯುತ್ತದೆ. ಸಿಗರೇಟು ಕಾರ್ಡಿನ ಅಳತೆಯ ಹಾಳೆ ತರಿಸಿ. 1952ರ ಟಾಪ್ಸ್ ಕಾರ್ಡು ಉಲ್ಟಾ, ಆ ಮಾಮೂಲಿ ಪಾಕೆಟ್ಟಿಗೇ ಹಿಡಿಸುವುದಿಲ್ಲ. ತುರುಕಬೇಡಿ.

ಆಲ್ಬಮ್ಮನ್ನು ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೊತೆಗೆ ಒಂದು ಸಣ್ಣ ತೇವಾಂಶ ಮೀಟರ್ ಇರಲಿ. 40ರಿಂದ 50 ಶೇಕಡಾ ನಡುವೆ ಇದ್ದರೆ ಒಳ್ಳೆಯದು. ಜೆಲ್ ತೇವ ಹೀರಿ ಹೀರಿ ಕೆಲಸ ಮುಗಿಸಿರುತ್ತದೆ, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು. ಇದನ್ನು ಮರೆತು ಡಬ್ಬ ಮುಚ್ಚಿಟ್ಟರೆ ತೇವ ಒಳಗೇ ಕೂತು ಇನ್ನೂ ಕೆಡುತ್ತದೆ. ನುಸಿಗುಳಿಗೆ ಹಾಕಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಅದು ಮೆತ್ತಗೆ ಮಾಡುತ್ತದೆ. ಹೊರಗೋಡೆಗೆ ತಾಗಿದ ಕಪಾಟಿಗಿಂತ ಮನೆಯ ನಡುಗೋಡೆಯ ಕಪಾಟು ವಾಸಿ. ಬೂಸ್ಟು ಬಂದ ಕಾರ್ಡನ್ನು ಬೇರೆಯವುಗಳಿಂದ ಆ ಕ್ಷಣವೇ ಬೇರೆ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಶ್ಶಿನಿಂದ ಮನೆಯ ಹೊರಗೆ ನಿಂತು ಸವರಿ. ಕಂದು ಚುಕ್ಕೆ ಬಿದ್ದಿದ್ದರೆ ಅದು ಹೋಗುವುದಿಲ್ಲ. ಬ್ಲೀಚ್ ಪ್ರಯೋಗ ಮಾಡದೆ ಹಾಗೇ ಬಿಡಿ.

ಏಳನೇ ಹೆಜ್ಜೆ: ಪಟ್ಟಿ ಮತ್ತು ಒಂದು ದಾರ

ಒಂದು ನೋಟ್‌ಬುಕ್ಕು ಅಥವಾ ಸ್ಪ್ರೆಡ್‌ಶೀಟು ಸಾಕು. ಸೆಟ್ಟು, ನಂಬರು, ಹಿಂಬದಿಯ ಬಣ್ಣ, ಹಿಂಬದಿಯ ಪದಗಳಲ್ಲಿ ವ್ಯತ್ಯಾಸ, ಸ್ಥಿತಿ, ಎಲ್ಲಿಂದ ಬಂತು, ಎಷ್ಟು ಕೊಟ್ಟಿರಿ. ಎರಡೂ ಬದಿಯ ಸ್ಕ್ಯಾನ್ ಇಟ್ಟುಕೊಳ್ಳಿ. ಎರಡೆರಡು ಇರುವ ಕಾರ್ಡುಗಳನ್ನು ಬೇರೆ ಪಟ್ಟಿ ಮಾಡಿ, ಬದಲಿಗೆ ಕೊಡಲು ಅದೇ ಬಂಡವಾಳ.

ಒಂದೆರಡು ಸೆಟ್ಟು ಮುಗಿದ ಮೇಲೆ ಬೇರೆ ಬೇರೆ ಸೆಟ್ಟುಗಳಿಂದ ಆರಿಸಿ ಒಂದೇ ವಿಷಯಕ್ಕೆ ಪೋಣಿಸಬಹುದು. ನಮ್ಮವರಿಗೆ ಹೇಳಿ ಮಾಡಿಸಿದ ವಿಷಯ ಒಂದಿದೆ. ಬೆಂಗಳೂರಿನಲ್ಲಿ ಇಳಿದ, ದುರಸ್ತಿಯಾದ, ತಯಾರಾದ ವಿಮಾನಗಳು.

ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. ಯುದ್ಧಕಾಲದಲ್ಲಿ ಅದನ್ನು ಅಮೆರಿಕದ ವಾಯುಪಡೆ ವಹಿಸಿಕೊಂಡಿತು. ಕ್ಯಾಟಲೀನಾ, ಸಿ-47, ಬಿ-24 ಲಿಬರೇಟರ್ ವಿಮಾನಗಳು ಇಲ್ಲಿಗೆ ದುರಸ್ತಿಗೆ ಬರುತ್ತಿದ್ದವು. ಅದೇ ವರ್ಷಗಳಲ್ಲಿ ಅಮೆರಿಕ, ಕೆನಡಾದ ಮಕ್ಕಳು ಯುದ್ಧವಿಮಾನಗಳ ಚಿತ್ರಗಳನ್ನು ತಿಂಡಿ ತಿನಿಸಿನ ಜೊತೆ ಸೇರಿಸುತ್ತಿದ್ದರು. ಆಮೇಲೆ ವ್ಯಾಂಪೈರ್ ಜೆಟ್ ಬೆಂಗಳೂರಿನಲ್ಲಿ ತಯಾರಾಯಿತು. 1965ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್ ಕೂಡ ಇಲ್ಲೇ ಪರವಾನಗಿ ಮೇಲೆ ತಯಾರಾಯಿತು. 1957ರಿಂದ ನಮ್ಮ ವಾಯುಪಡೆಗೆ ಬಂದ ಹಂಟರ್, ಕ್ಯಾನ್‌ಬೆರಾ ಎರಡೂ ಬ್ರಿಟನ್ನಿನವು. 1950, 60ರ ದಶಕದ ಕಾರ್ಡುಗಳನ್ನು ನೋಡುವಾಗ ಈ ಹೆಸರುಗಳ ಪಟ್ಟಿ ಕೈಯಲ್ಲಿರಲಿ.

ಒಂದೊಂದು ಕಾರ್ಡು ಸಿಕ್ಕಾಗಲೂ ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಕಾರ್ಡನ್ನು ತೊಗೊಂಡು ಹೋಗುವುದು ಬೇಡ, ಫೋನಿನಲ್ಲಿ ಎರಡೂ ಬದಿಯ ಸ್ಕ್ಯಾನ್ ಸಾಕು. ವಿಮಾನದ ಮುಂದೆ ನಿಂತು ಚಿತ್ರದಲ್ಲಿ ರೆಕ್ಕೆ, ಬಾಲ, ಗಾಜಿನ ಹೊದಿಕೆ ಸರಿಯಾಗಿ ಬಿಡಿಸಿದ್ದಾರಾ ಹೋಲಿಸಿ. ಆಮೇಲೆ ಹಿಂಬದಿಯಲ್ಲಿ ಬರೆದ ವೇಗ, ಎಂಜಿನ್ ವಿವರಗಳನ್ನು ಅಲ್ಲಿನ ಫಲಕದ ಜೊತೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ಪಟ್ಟಿಯಲ್ಲಿ ಆ ಕಾರ್ಡಿನ ಎದುರು ಬರೆದಿಡಿ.